ಕೆಸರಲ್ಲಿ ಮುಳುಗಿದ ಕತ್ತಿಗೆ ಯಾವುದು ಗತಿ: ಟ್ಯಾಗು, ರೇಡಿಯಂ ಪಟ್ಟಿ, ಹವಾಯಿ ಚಪ್ಪಲಿ

ಗೆದ್ದದ್ದು ಹವಾಯಿ ಚಪ್ಪಲಿ. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದಿಲ್ಲ. 1,200 ರೂಪಾಯಿ ಕೊಟ್ಟು ತಂದ ಬ್ಲೂಟೂತ್ ಟ್ಯಾಗು (ಕಳೆದ ವಸ್ತುವನ್ನು ಫೋನಿನಿಂದ ಹುಡುಕಲು ಅದಕ್ಕೆ ಸಿಕ್ಕಿಸುವ ಬಿಲ್ಲೆ) ಸೋತಿತು. 40 ರೂಪಾಯಿಯ ರೇಡಿಯಂ ಪಟ್ಟಿ ಅರ್ಧ ಗೆದ್ದಿತು. ಬಾರು ಕಿತ್ತು ಕೊಟ್ಟಿಗೆ ಮೂಲೆಯಲ್ಲಿ ಬಿದ್ದಿದ್ದ ಎಡಗಾಲಿನ ಚಪ್ಪಲಿ ನನ್ನ ಕತ್ತಿಯನ್ನು (ಬಯಲುಸೀಮೆಯವರ ಮಚ್ಚು) ಎರಡು ಸಲ ಹುಡುಕಿಕೊಟ್ಟಿತು.

ಬಯಲುಸೀಮೆಯವರಿಗೆ ಒಂದಿಷ್ಟು ಹಿನ್ನೆಲೆ ಬೇಕಾಗುತ್ತದೆ. ನಮ್ಮದು ತೀರ್ಥಹಳ್ಳಿ ಕಡೆ, ಮಾಲತಿ ಹೊಳೆಗೆ ಸೇರುವ ಒಂದು ಹಳ್ಳದ ಪಕ್ಕದ ಗದ್ದೆಬಯಲು. ಜೂನ್ ಎರಡನೇ ವಾರ ಮೃಗಶಿರ ಮಳೆ ಹಿಡಿದು ಹಳ್ಳಕ್ಕೆ ಕೆಂಪು ನೀರು ಬಂತೆಂದರೆ, ಮೊಟ್ಟೆ ಇಡಲು ಮೀನುಗಳು ಹೊಳೆ ಬಿಟ್ಟು ಗದ್ದೆಗೆ ಹತ್ತುತ್ತವೆ. ಅದಕ್ಕೇ ಹತ್ತುಮೀನು ಎನ್ನುವುದು. ಮುಗುಡು, ಅವಲು, ಜೊತೆಗೆ ಏಡಿ. ರಾತ್ರಿ ಟಾರ್ಚ್ ಹಿಡಿದು, ಕಂಡಿಯಲ್ಲಿ (ನೀರು ಹರಿದುಹೋಗಲು ಗದ್ದೆಯಂಚಿಗೆ ಬಿಟ್ಟ ಕಿಂಡಿ) ನುಗ್ಗುವ ಮೀನಿಗೆ ಕತ್ತಿಯ ಬೆನ್ನಲ್ಲಿ ಒಂದೇಟು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಜ್ಜನ ಕಾಲದ ಶಿಕಾರಿಯೆಲ್ಲ ಕಥೆಯಾಯಿತು. ನಮ್ಮ ಮನೆಯಲ್ಲಿ ಶಿಕಾರಿ ಅನ್ನುವ ಮಾತು ಈಗ ಉಳಿದಿರುವುದು ಈ ಮೂರ್ನಾಲ್ಕು ರಾತ್ರಿಗಳಿಗೆ ಮಾತ್ರ. (ಕಡಲಿನಲ್ಲಿ ಜೂನ್, ಜುಲೈ ಸೇರಿ 61 ದಿನ ಯಾಂತ್ರೀಕೃತ ದೋಣಿಗಳಿಗೆ ರಜೆ ಇದೆ, ಗದ್ದೆಗೆ ಹತ್ತುವ ಬಸುರಿ ಮೀನಿಗೆ ನಮ್ಮೂರಲ್ಲಿ ಯಾರೂ ರಜೆ ಕೊಟ್ಟದ್ದು ಕಂಡಿಲ್ಲ. ನಾನೂ ಈಚೆಗೆ ಹೊಟ್ಟೆ ಉಬ್ಬಿದವನ್ನು ಬಿಟ್ಟುಬಿಡುತ್ತೇನೆ. ಭಾವ ನಗುತ್ತಾನೆ.)

ಮೊದಲ ಕತ್ತಿ ಹೋದದ್ದು ಹೀಗೆ. ಕಂಡಿಯ ಬಾಯಲ್ಲಿ ಒಂದು ದಪ್ಪ ಮುಗುಡು. ಎತ್ತಿ ಹೊಡೆದೆ. ಕೈ ಪೂರ್ತಿ ಮೀನಿನ ಲೋಳೆ, ಮೇಲಿಂದ ಮಳೆ. ಏಟು ಮೀನಿಗೆ ಬಿತ್ತೋ ಇಲ್ಲವೋ, ಕತ್ತಿ ಮಾತ್ರ ಕೈಜಾರಿ ಕೆಳಗಿನ ಗದ್ದೆಗೆ ಹೋಯಿತು. "ಪ್ಲಕ್" ಅಂತ ಒಂದು ಸದ್ದು, ಅಷ್ಟೇ. ಲಾರಿ ಪಾಟಾದಲ್ಲಿ (ಲಾರಿಯ ಸ್ಪ್ರಿಂಗ್ ಪಟ್ಟಿ) ಆಚಾರ್ರು ಬಡಿದುಕೊಟ್ಟಿದ್ದ ಕತ್ತಿ, ಹಲಸಿನ ಹಿಡಿ. ಅರ್ಧ ಗಂಟೆ ಕಾಲಲ್ಲಿ ತಡಕಾಡಿದೆ. "ಎಂತ ಮಾರಾಯ, ಅಲಗು ಮೇಲಾಗಿ ಬಿದ್ದಿದ್ರೆ ಹೆಬ್ಬೆರಳು ಹೋಗ್ತದೆ, ಬಾ ಅತ್ಲಾಗಿ" ಎಂದು ಭಾವ ಎಳೆದುಕೊಂಡು ಹೋದ.

ದುಡ್ಡಿನ ಮಾತಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮನೆಗೆ ಬಂದು ಹೇಳಿದಾಗ ದೊಡ್ಡಮ್ಮ ಒಲೆಯಿಂದ ತಲೆ ಎತ್ತಿ ಕೇಳಿದ್ದು ಒಂದೇ ಮಾತು: "ಯಾವ ಗದ್ದೆ?" ನಟ್ಟಿಗೆ ಬರುವ ಹೆಂಗಸರು ಇಳಿಯುವುದು ಬರಿಗಾಲಲ್ಲಿ. ಸುದ್ದಿ ತಿಳಿದ ಮೇಲೆ ಆ ಗದ್ದೆಗೆ ಯಾರೂ ಕಾಲಿಡಲಿಲ್ಲ. ಕೊನೆಗೆ ಜುಲೈನಲ್ಲಿ ಟಿಲ್ಲರ್ ಹೊಡೆಯುವಾಗ "ಠಣ್" ಅಂತ ಸಿಕ್ಕಿತು, ಟಿಲ್ಲರಿನ ಎರಡು ಬ್ಲೇಡು ಬಾಗಿಸಿಕೊಂಡು. ಹಾಗಾಗಿ ಮುಂದೆ ಬರೆಯುವುದನ್ನೆಲ್ಲ ಒಂದೇ ಅಳತೆಯಲ್ಲಿ ಅಳೆದಿದ್ದೇನೆ: ಬಿದ್ದ ಕತ್ತಿ ಅದೇ ರಾತ್ರಿ ಸಿಗುತ್ತದೋ ಇಲ್ಲವೋ. ಮಾರನೇ ದಿನ ಸಿಗುವುದು ನನಗೆ ಲೆಕ್ಕಕ್ಕಿಲ್ಲ.

ಬೆಂಗಳೂರಿಗೆ ಮರಳಿದವನು ಮಾಡಿದ ಮೊದಲ ಕೆಲಸ ಬ್ಲೂಟೂತ್ ಟ್ಯಾಗು ತರಿಸಿದ್ದು. ಕಂಪನಿಯ ಹೆಸರು ಬೇಡ, ತಪ್ಪು ಅವರದಲ್ಲ, ನನ್ನದು. ಡಬ್ಬಿಯ ಮೇಲೆ ನೀರು ತಾಗಿದರೂ ಕೆಡುವುದಿಲ್ಲ ಎಂದು ಬರೆದಿತ್ತು, ಅದು ನಿಜವೇ. ನೀರಲ್ಲಿ ಕೆಡದಿರುವುದು ಒಂದು, ನೀರೊಳಗಿಂದ ಮಾತಾಡುವುದು ಇನ್ನೊಂದು ಎಂದು ನನಗೆ ಹೊಳೆಯಲಿಲ್ಲ ಅಷ್ಟೇ. ಬ್ಲೂಟೂತ್ ಅಲೆ 2.4 ಗಿಗಾಹರ್ಟ್ಸ್‌ನದು, ನೀರು ಅದನ್ನು ನುಂಗಿಬಿಡುತ್ತದೆ. ಬಚ್ಚಲಿನ ಬಕೆಟ್ಟಿನಲ್ಲಿ ಒಂದು ಗೇಣು ಆಳಕ್ಕೆ ಮುಳುಗಿಸಿ ಬಾಗಿಲ ಬಳಿ ನಿಂತೆ, ಫೋನಿಗೆ ಟ್ಯಾಗು ಕಾಣಲೇ ಇಲ್ಲ. ಆಗಲೇ ವಾಪಸ್ ಕೊಡಬೇಕಿತ್ತು. ಒಣ ಜಾಗದಲ್ಲಾದರೂ ಉಪಯೋಗವಾದೀತು ಎಂದು ಊರಿಗೆ ಒಯ್ದೆ.

ಊರಲ್ಲಿ ಇನ್ನೊಂದು ಗುಟ್ಟು ಬಯಲಾಯಿತು. ಇಂಥ ಟ್ಯಾಗಿನೊಳಗೆ ಜಿಪಿಎಸ್ ಇಲ್ಲ. ಆಸುಪಾಸಿನಲ್ಲಿ ಓಡಾಡುವವರ ಫೋನುಗಳು ಅದರ ಕೂಗು ಕೇಳಿ, ತಾವಿರುವ ಜಾಗವನ್ನು ಇಂಟರ್ನೆಟ್ಟಿಗೆ ತಿಳಿಸಿದರೆ ಮಾತ್ರ ನಕ್ಷೆಯಲ್ಲಿ ಚುಕ್ಕೆ ಮೂಡುತ್ತದೆ. ಮೆಜೆಸ್ಟಿಕ್ಕಿನಲ್ಲಿ ಫೋನುಗಳಿಗೆ ಬರವಿಲ್ಲ. ರಾತ್ರಿ ಹನ್ನೊಂದಕ್ಕೆ ನಮ್ಮ ಬಯಲಲ್ಲಿ ಇರುವುದು ಎರಡೇ ಫೋನು, ನನ್ನದು ಮತ್ತು ಭಾವನದು. ಅವೂ ಪ್ಲಾಸ್ಟಿಕ್ ಕೊಟ್ಟೆಯೊಳಗೆ, ಸಿಗ್ನಲ್ ಇಲ್ಲದೆ. ಇನ್ನು ಅದರ "ಪೀಂ ಪೀಂ" ಸದ್ದು. ಮಳೆ, ಹಳ್ಳ, ಲಕ್ಷ ಕಪ್ಪೆಗಳ ಮೇಳದ ನಡುವೆ ಅದನ್ನು ಕೇಳಿಸಿಕೊಳ್ಳುವವನು ಕಿವಿಯಿಂದಲೇ ಹೊಟ್ಟೆ ಹೊರೆಯಬಹುದು. ಒದ್ದೆ ಬೆರಳಿಗೆ ಫೋನಿನ ಪರದೆ ಓಗೊಡುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರೇಡಿಯಂ ಪಟ್ಟಿಯ ಬಗ್ಗೆ ನನಗೆ ಸಿಟ್ಟಿಲ್ಲ. ಲಾರಿಗಳ ಹಿಂದೆ ಅಂಟಿಸುವ ಅದೇ ಸ್ಟಿಕ್ಕರ್. ಹೆಸರು ರೇಡಿಯಂ ಎಂದಾದರೂ ಅದು ತಾನಾಗಿ ಬೆಳಗುವುದಿಲ್ಲ, ಬೆಳಕನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತದೆ. ಇದು ತಿಳಿದರೆ ಅರ್ಧ ಕೆಲಸ ಆದಂತೆ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಬೆಳಕು ಸೊಂಟಕ್ಕೇ ಮರಳುತ್ತದೆ, ಕಣ್ಣಿಗೆ ಮಂಕು. ಅದೇ ತಲೆಗೆ ಕಟ್ಟುವ ಲೈಟಾದರೆ, ಅಥವಾ ಟಾರ್ಚನ್ನು ಕೆನ್ನೆಯ ಪಕ್ಕಕ್ಕೆ ತಂದರೆ, ಮೂವತ್ತು ಹೆಜ್ಜೆ ದೂರದಿಂದ ಹಿಡಿ ಥಳಥಳ ಅನ್ನುತ್ತದೆ. (ತಲೆ ಲೈಟಿಗೆ ಮಳೆಹುಳುಗಳು ಬಂದು ಬಾಯಿಗೇ ನುಗ್ಗುತ್ತವೆ. ಬಾಯಿ ಮುಚ್ಚಿಕೊಂಡಿರಬೇಕು, ನನಗದು ಕಷ್ಟ.) ಹಾಗೆ ನೋಡುವಾಗ ಗದ್ದೆಯಂಚಿನ ಹುಲ್ಲಿನಲ್ಲೆಲ್ಲ ಸಣ್ಣ ಸಣ್ಣ ಹೊಳಪು ಕಾಣುತ್ತದೆ. ಅದು ಜೇಡಗಳ ಕಣ್ಣು. ಮೊದಲ ರಾತ್ರಿ ನಾನು ಅಂಥ ಏಳೆಂಟು ಜೇಡಗಳನ್ನು ಕತ್ತಿಯೆಂದು ಹಿಡಿಯಲು ಹೋಗಿದ್ದೆ.

ಎರಡು ದೋಷ ಇದೆ. ಹಿಡಿಯ ಸುತ್ತ ಪೂರ್ತಿ ಅಂಟಿಸಿದರೆ ಒದ್ದೆಯಾದಾಗ ಕೈಗೆ ಜಾರುತ್ತದೆ, ಕಳೆಯದಿರಲಿ ಎಂದು ಹಾಕಿದ್ದೇ ಕಳೆಯುವಂತೆ ಮಾಡುತ್ತದೆ. ಹಿಡಿಯ ತುದಿಗೆ ಎರಡು ಬೆರಳಗಲ ಸಾಕು. ಎರಡನೆಯದಕ್ಕೆ ಮದ್ದಿಲ್ಲ: ಮೃಗಶಿರದ ಕೆಂಪು ನೀರಲ್ಲಿ ನಾಲ್ಕು ಬೆರಳು ಮುಳುಗಿದರೂ ಪಟ್ಟಿ ಇದ್ದೂ ಇಲ್ಲದಂತೆ.

ಮಣಿಕಟ್ಟಿಗೆ ಹುರಿ ಕಟ್ಟಿಕೊಳ್ಳಿ ಎನ್ನುವವರು ಯಾವಾಗಲೂ ಇರುತ್ತಾರೆ. ಒಂದು ಸಂಜೆ ಅಂಗಳದಲ್ಲೇ ಕಟ್ಟಿ ನೋಡಿದೆ. ಕೈಬಿಟ್ಟ ಕತ್ತಿ ತಿರುಗಿ ಬಂದು ಗಂಬೂಟಿನ ಕಾಲನ್ನು ಸೀಳಿತು. ಬೂಟು ಹೋಯಿತು, ಮೀನಖಂಡ ಉಳಿಯಿತು. ಅಲ್ಲಿಗೆ ಅದು ಮುಗಿಯಿತು.

ಇನ್ನು ಚಪ್ಪಲಿ. ಉಪಾಯ ಹೊಸದೇನಲ್ಲ, ಬಲೆಗೆ ಬೆಂಡು ಕಟ್ಟುವವರೆಲ್ಲ ಬಲ್ಲದ್ದು: ಮುಳುಗುವ ವಸ್ತುವಿಗೆ ತೇಲುವ ವಸ್ತುವನ್ನು ಉದ್ದ ದಾರದಲ್ಲಿ ಕಟ್ಟು. ಕತ್ತಿ ತಳ ಸೇರಲಿ, ಬೆಂಡು ಮೇಲೆ ನಿಂತು ಜಾಗ ತೋರಿಸಲಿ, ದಾರ ಹಿಡಿದು ಎಳೆದರೆ ಆಯಿತು. ನಾನು ಶುರು ಮಾಡಿದ್ದು ದುಂಡನೆಯ ಬಲೆಬೆಂಡಿನಿಂದ. ಹಿಡಿಯ ತುದಿಗೆ ತೂತು ಕೊರೆದು, ಎರಡು ಮಾರು ನೈಲಾನ್ ದಾರ ಕಟ್ಟಿ, ಬೆಂಡಿಗೆ ಸುತ್ತಿದೆ. ನಿಂತ ನೀರಲ್ಲಿ ಚೆನ್ನಾಗಿಯೇ ಇತ್ತು. ಹಳ್ಳದಲ್ಲಿ ಎಡವಟ್ಟಾಯಿತು. ದುಂಡಗಿನ ಬೆಂಡು ಹರಿವಿಗೆ ಉರುಳುತ್ತಲೇ ಹೋಗುತ್ತದೆ, ಸುತ್ತಿದ್ದ ದಾರವೆಲ್ಲ ಬಿಚ್ಚಿಕೊಂಡು ಎರಡು ಮಾರು ಕೆಳಗೆ ಕೇದಿಗೆ ಹಿಂಡಿಲಿನೊಳಗೆ ಹೋಗಿ ಕೂರುತ್ತದೆ. ಕತ್ತಿ ಇರುವುದು ಒಂದು ಕಡೆ, ಬೆಂಡು ತೋರಿಸುವುದು ಇನ್ನೊಂದು ಕಡೆ. ಎಳೆದರೆ ಕೇದಿಗೆ ಮುಳ್ಳು ಬಿಡುವುದಿಲ್ಲ.

ಆಗ ಸಿಕ್ಕಿದ್ದು ಈ ಚಪ್ಪಲಿ. ಹವಾಯಿ ಚಪ್ಪಲಿಯ ಅಟ್ಟೆ ಚೆನ್ನಾಗಿ ತೇಲುತ್ತದೆ, ಮುಖ್ಯವಾಗಿ ಅದು ಚಪ್ಪಟೆ. ಅಂಗೈಯಗಲದ ತುಂಡು ಕೊಯ್ದು, ಎರಡೂ ಪಕ್ಕ ಕಚ್ಚು ಹಾಕಿ ನಡು ಸಣ್ಣ ಮಾಡಿ, ಅದಕ್ಕೆ ದಾರ ಸುತ್ತಿದೆ. ಕತ್ತಿ ಮುಳುಗುವಾಗ ಭಾರಕ್ಕೆ ತುಂಡು ಪಲ್ಟಿ ಹೊಡೆಯುತ್ತ ದಾರ ಬಿಡುತ್ತದೆ. ಕತ್ತಿ ತಳ ಮುಟ್ಟಿದ ಕೂಡಲೇ ಎಳೆತ ನಿಂತು, ಚಪ್ಪಟೆ ತುಂಡು ನೀರ ಮೇಲೆ ಅಂಗಾತ ಮಲಗಿಬಿಡುತ್ತದೆ. ಸಾಧಾರಣ ಹರಿವಿಗೆ ಅದು ಮಗುಚುವುದಿಲ್ಲ, ದಾರವೂ ಮುಂದೆ ಬಿಚ್ಚುವುದಿಲ್ಲ. ತುಂಡಿನ ಎರಡೂ ಮುಖಕ್ಕೆ ಒಂದೊಂದು ಚೂರು ರೇಡಿಯಂ ಅಂಟಿಸಿದೆ. ಪಟ್ಟಿ ಅರ್ಧ ಗೆದ್ದಿತು ಎಂದದ್ದು ಇದಕ್ಕೇ.

ಕಿರಿಕಿರಿ ಇರುವುದು ದಾರದ ಕೊನೆಯ ಸುತ್ತಿನಲ್ಲಿ. ಅದನ್ನು ಹಿಡಿದಿಡಬೇಕು, ಇಲ್ಲವಾದರೆ ನಡೆಯುವಾಗಲೇ ಬಿಚ್ಚಿ ಕಾಲಿಗೆ ತೊಡರುತ್ತದೆ. ಮೊದಲು ಸೈಕಲ್ ಟ್ಯೂಬಿನ ರಿಂಗು ಕೊಯ್ದು ಹಾಕಿದೆ. ಭದ್ರವಾಗಿ ಕೂತಿತು, ಎಷ್ಟು ಭದ್ರವೆಂದರೆ ಪರೀಕ್ಷೆಗೆ ಕೆರೆಯಂಚಲ್ಲಿ ಕತ್ತಿ ಬಿಟ್ಟಾಗ ಚಪ್ಪಲಿ ತುಂಡೂ ಕತ್ತಿಯ ಜೊತೆಗೇ ತಳಕ್ಕಿಳಿಯಿತು. ಮೊಣಕಾಲಷ್ಟು ನೀರಿದ್ದುದರಿಂದ ಬಚಾವಾದೆ. ಆಮೇಲೆ ಟೈಲರ್ ಅಂಗಡಿಯ ದಾರದ ಉಂಡೆ ನೋಡಿ, ರಬ್ಬರಿನ ಅಂಚಿಗೆ ಬ್ಲೇಡಲ್ಲಿ ಒಂದು ಸೀಳು ಹಾಕಿ, ದಾರವನ್ನು ಅದಕ್ಕೆ ಸಿಕ್ಕಿಸಿದೆ. ಕತ್ತಿಯ ಭಾರಕ್ಕೆ ಸಲೀಸಾಗಿ ಕಳಚುತ್ತದೆ. ಆದರೆ ಕತ್ತಿಯ ಭಾರಕ್ಕೆ ಕಳಚುವುದು ಲಂಟಾನದ ಕಡ್ಡಿಗೂ ಕಳಚುತ್ತದಲ್ಲ! ಗದ್ದೆಯಿಂದ ಹಳ್ಳಕ್ಕೆ ಇಳಿಯುವ ಐವತ್ತು ಹೆಜ್ಜೆಯ ಹಾದಿಯಲ್ಲಿ ಮೂರು ಸಲ ನಿಂತು ಸುತ್ತಬೇಕಾಯಿತು. ಭಾವ ಅಷ್ಟರಲ್ಲಿ ಎರಡು ಅವಲು ಕಡಿದು ಚೀಲಕ್ಕೆ ಹಾಕಿದ್ದ. "ನೀನು ದಾರ ಸುತ್ತು, ನಾನು ಮೀನು ಹಿಡೀತೀನಿ" ಎಂದ.

ಸೀಳು ಆಳ ಮಾಡಿದೆ, ಸಣ್ಣದು ಮಾಡಿದೆ, ಎರಡು ಸೀಳು ಹಾಕಿದೆ. ನೈಲಾನ್ ಜಾರುತ್ತದೆಂದು ಮೇಸ್ತ್ರಿಗಳ ನೂಲುದಾರ ಹಾಕಿದೆ, ಅದು ಒದ್ದೆಯಾಗಿ ಉಬ್ಬಿ ಸೀಳಿನಲ್ಲೇ ಕಚ್ಚಿಕೊಂಡಿತು. ಈಗ ಮಾಡುವುದಿಷ್ಟು: ದಾರಿ ಸವೆಸುವಾಗ ಟ್ಯೂಬಿನ ರಿಂಗು, ನೀರಿನಂಚಿಗೆ ಬಂದ ಮೇಲೆ ರಿಂಗು ತೆಗೆದು ಸೀಳು. ತೆಗೆಯಲು ಮರೆತರೆ ಎಲ್ಲ ವ್ಯರ್ಥ. ಒಮ್ಮೆ ಮರೆತಿದ್ದೇನೆ, ಅವತ್ತು ಕತ್ತಿ ಕೈಜಾರಲಿಲ್ಲ, ಅಷ್ಟೇ ಪುಣ್ಯ.

ಎರಡು ಸಲ ಹುಡುಕಿಕೊಟ್ಟಿತು ಎಂದೆನಲ್ಲ. ಮೊದಲನೆಯದು ಅದೇ ಕಂಡಿಯ ಕೆಳಗೆ, ತೊಡೆಮಟ್ಟದ ನೀರಲ್ಲಿ. ಲೈಟು ಹಾಯಿಸಿದ ಕೂಡಲೇ ತುಂಡು ಹೊಳೆಯಿತು, ದಾರ ಎಳೆದೆ, ಕತ್ತಿ ಹಿಡಿ ಮುಂದಾಗಿಯೇ ಮೇಲೆ ಬಂತು. ಕೆಸರಿಗೆ ಕೈಹಾಕಿ ಅಲಗು ತಡಕುವ ಕೆಲಸವೇ ಇಲ್ಲ. ಎರಡನೆಯದು ಹಳ್ಳದಲ್ಲಿ, ಸೆಳವು ಜೋರಿತ್ತು, ತುಂಡು ಒಂದು ಮಾರು ಸರಿದಿತ್ತು. ಆದರೂ ಐದು ನಿಮಿಷದಲ್ಲಿ ಮುಗಿಯಿತು. ಇಲಿಜ್ವರದ ಭಯವಿರುವ ಕಾಲದಲ್ಲಿ ಗಾಯದ ಕಾಲಿಟ್ಟುಕೊಂಡು ಗದ್ದೆನೀರಲ್ಲಿ ನಿಲ್ಲುವ ಹೊತ್ತು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ನೀವು ಅಡಿಕೆ ತೋಟದಲ್ಲಿ ಸೊಪ್ಪು ಕಡಿಯುವವರಾದರೆ ಈ ಚಪ್ಪಲಿ ಉಸಾಬರಿ ಬೇಡ, ಹಿಡಿಯ ತುದಿಗೆ ರೇಡಿಯಂ ಹಚ್ಚಿ, ಕೆಲಸ ಮುಗಿದ ಕೂಡಲೇ ಸೊಂಟದ ಕೊಕ್ಕೆಗೆ ಸಿಕ್ಕಿಸಿ. ಭಾವನಂಥವರಿಗೆ ಯಾವುದೂ ಬೇಡ, ಮೂವತ್ತು ವರ್ಷದಲ್ಲಿ ಅವನ ಕತ್ತಿ ಒಮ್ಮೆಯೂ ಬಿದ್ದಿಲ್ಲ. ವರ್ಷಕ್ಕೆ ನಾಲ್ಕು ರಾತ್ರಿ ಬರುವ ನನ್ನಂಥ ಬೆಂಗಳೂರು ಕೈಗೆ ಮಾತ್ರ ಚಪ್ಪಲಿಯೇ ಸರಿ. ಟ್ಯಾಗು ಈಗ ಸ್ಕೂಟರಿನ ಕೀಲಿಗೊಂಚಲಲ್ಲಿದೆ, ಸೋಫಾದ ಸಂದಿಯಿಂದ ಚೆನ್ನಾಗಿಯೇ ಕೂಗುತ್ತದೆ.

ಈ ಸಲ ಊರಿಗೆ ಹೋದಾಗ ಭಾವನ ಮಕ್ಕಳಿಗೂ ಎರಡು ಮಾಡಿಕೊಟ್ಟು ಬಂದೆ. ಹಳೆಯದು ಸಾಲದೆ ಜಗಲಿಯಲ್ಲಿದ್ದವಕ್ಕೂ ಕೈಹಾಕಿದ್ದೆ. ನಿನ್ನೆ ದೊಡ್ಡಮ್ಮ ಫೋನ್ ಮಾಡಿದ್ದರು. ಮನೆಯಲ್ಲಿ ಬರೀ ಬಲಗಾಲಿನವೇ ಉಳಿದಿವೆಯಂತೆ.