ಹನ್ನೆರಡು ತೂತಿನ ‘ಅರಮನೆ ಊದುಬತ್ತಿ ಸ್ಟ್ಯಾಂಡ್’: ಹಳೇ ಮರದ ಸಾಮಾನು ಕೊಳ್ಳುವವರು ಒಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ. ನನಗೆ ಹೋಗಿದ್ದು 14,500 ರೂಪಾಯಿ. ಅದರ ಮೇಲೆ ಪಾಲಿಶ್‌ಗೆ 900. ನೆಂಟರಿಷ್ಟರ ಮುಂದೆ ಹೋದ ಮಾನವನ್ನು ಲೆಕ್ಕ ಹಾಕಿಲ್ಲ. ದಸರಾ ಹತ್ತಿರ ಬಂದರೆ ಮೈಸೂರಿನಲ್ಲಿ ಹಳೇ ಸಾಮಾನಿನ ವ್ಯಾಪಾರ ಜೋರಾಗುತ್ತದೆ. ನನ್ನ ಹಾಗೆ ಇನ್ನೊಬ್ಬರು ಟೋಪಿ ಹಾಕಿಸಿಕೊಳ್ಳುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಅಂಗಡಿ ಹೆಸರು ಹೇಳುವುದಿಲ್ಲ. ಅದೊಂದೇ ಅಂಗಡಿ ಅಂತ ನನಗೆ ಅನ್ನಿಸುವುದೂ ಇಲ್ಲ.

ಇಂಥ ಅಂಗಡಿಗೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿರುವ ಪ್ರತಿಯೊಂದು ವಸ್ತುವೂ ಅರಮನೆಯಿಂದಲೇ ಬಂದಿರುತ್ತದೆ. ಮುರಿದ ಕುರ್ಚಿ ಅರಮನೆಯದು, ತಂಬಿಗೆ ಅರಮನೆಯದು, ಗಡಿಯಾರ ಅರಮನೆಯದು. ಅಷ್ಟೆಲ್ಲ ಸಾಮಾನು ನಿಜಕ್ಕೂ ಅಲ್ಲಿ ಇದ್ದಿದ್ದರೆ ಮಹಾರಾಜರಿಗೆ ಕಾಲು ಚಾಚಲು ಜಾಗ ಸಿಗುತ್ತಿರಲಿಲ್ಲ. ಈ ಮಾತು ಈಗ ತಲೆಗೆ ಹೊಳೆಯುತ್ತಿದೆ. ಅವತ್ತು ಹೊಳೆಯಲಿಲ್ಲ.

ನಾನು ಕೊಂಡ ವಸ್ತು ಹೀಗಿತ್ತು. ಒಂದೇ ಮರದ ತುಂಡಿನಲ್ಲಿ ಕೆತ್ತಿದ ದಪ್ಪ ಬಟ್ಟಲು. ಬಾಯಿ ಒಂದು ಗೇಣು ಅಗಲ. ಬಟ್ಟಲಿನ ತಳದಲ್ಲಿ ಸುತ್ತಲೂ ಹನ್ನೆರಡು ತೂತು. ಆ ತೂತುಗಳು ನೆಟ್ಟಗೆ ಕೆಳಗೆ ಇಳಿಯದೆ, ಓರೆಯಾಗಿ ಹೊರಗೆ ಬರುತ್ತವೆ. ಅಂಚಿಗೆ ಹೂವಿನ ದಳದ ಕೆತ್ತನೆ. ಕುತ್ತಿಗೆಯ ಹತ್ತಿರ ಸವೆದ ಒಂದು ಗೀರು. ಕೆಳಗೆ ದುಂಡನೆಯ ಪೀಠ. ಮೂಗಿನ ಹತ್ತಿರ ಹಿಡಿದರೆ ಶ್ರೀಗಂಧದ ವಾಸನೆ.

‘ಇದು ಏನಿರಬಹುದು ಹೇಳಿ ನೋಡೋಣ ಮೇಡಂ’ ಅಂದ ಅಂಗಡಿಯವನು. ಮೋಸ ಶುರುವಾಗಿದ್ದೇ ಆ ಮಾತಿನಿಂದ. ಒಗಟು ಮುಂದಿಟ್ಟರೆ ಯಾರಿಗಾದರೂ ಬಿಡಿಸುವ ಆಸೆ ಆಗುತ್ತದೆ ಅಲ್ವಾ? ನಾನು ದೀಪದ ಕಂಬ ಅಂದೆ. ಅಳಗುಳಿ ಮಣೆಯ ಥರದ ಯಾವುದೋ ಆಟದ ಸಾಮಾನು ಅಂದೆ. ಅವನು ನಗುತ್ತಾ ತಲೆ ಅಲ್ಲಾಡಿಸುತ್ತಿದ್ದ. ಕೊನೆಗೆ ‘ಊದುಬತ್ತಿ ಸಿಗಿಸೋದಾ?’ ಅಂತ ಕೇಳಿದೆ. ‘ಆಹಾ, ಕರೆಕ್ಟ್! ಇಷ್ಟು ದಿನಕ್ಕೆ ನೀವೊಬ್ಬರೇ ಹೇಳಿದ್ದು’ ಅಂದುಬಿಟ್ಟ. ಉತ್ತರ ಕೊಟ್ಟವಳು ನಾನು. ಅವನು ಅದಕ್ಕೆ ಕಥೆ ಕಟ್ಟಿದ, ಅಷ್ಟೇ.

ಕಥೆ ಏನಂತ ಕೇಳಿ. ಹನ್ನೆರಡು ತೂತು ಹನ್ನೆರಡು ರಾಶಿಗೆ. ನವರಾತ್ರಿಯಲ್ಲಿ ಅರಮನೆಯಲ್ಲಿ ರಾಶಿಗೊಂದರಂತೆ ಊದುಬತ್ತಿ ಹಚ್ಚುತ್ತಿದ್ದರಂತೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತಲ್ಲ, ಆ ಬೆಂಕಿಯಲ್ಲಿ ಉಳಿದು ಬಂದ ವಸ್ತುವಂತೆ ಇದು. ‘ಬೇಕಾದರೆ ನೋಡಿ, ಸುಟ್ಟ ಗುರುತು ಇದೆ’ ಅಂತ ತೂತಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ತೋರಿಸಿದ. ಹೌದು, ಒಳಗೆಲ್ಲ ಕಪ್ಪಗೆ ಸುಟ್ಟಿತ್ತು. ನಾನು ಹೂಂಗುಟ್ಟಿದೆ. ಹೊರಗೆ ಎಲ್ಲೂ ಒಂದು ಮಸಿ ಕಲೆ ಇಲ್ಲ, ಅರಮನೆ ನುಂಗಿದ ಬೆಂಕಿ ಬರೀ ಹನ್ನೆರಡು ತೂತಿನ ಒಳಗೆ ಹೊಕ್ಕು ಹೇಗೆ ಹೊರಗೆ ಬಂತು ಅಂತ ತಲೆಗೆ ಹೋಗಲೇ ಇಲ್ಲ.

ಒಂದು ಮಾತು ಮಾತ್ರ ಕೇಳಿದೆ, ಅದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು. ತೂತಿನಲ್ಲಿ ನನ್ನ ಹೆಬ್ಬೆರಳು ಆರಾಮಾಗಿ ಹೋಗುತ್ತಿತ್ತು. ಊದುಬತ್ತಿ ಕಡ್ಡಿಗೆ ಇಷ್ಟು ದೊಡ್ಡ ತೂತು ಯಾಕೆ? ‘ಆಗಿನ ಕಾಲದ ಊದುಬತ್ತಿ ದಪ್ಪ ಇರ್ತಿತ್ತು ಮೇಡಂ, ರಾಜರದು ನೋಡಿ.’ ನಾನು ಅದನ್ನೂ ನಂಬಿದೆ. 22,000ದಿಂದ ಇಳಿಸಿ ಇಳಿಸಿ 14,500ಕ್ಕೆ ತಂದು, ಗೆದ್ದೆ ಅಂತ ಮನೆಗೆ ಬಂದೆ.

ಮುಂದೆ ಮಾಡಿದ್ದು ನನ್ನದೇ ತಪ್ಪು. ಅಂಗಡಿಯವನ ಮೇಲೆ ಹಾಕುವ ಹಾಗಿಲ್ಲ. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಇದಕ್ಕೇ. ತೂತುಗಳಲ್ಲಿ ಏನೋ ನಾರು ನಾರಾಗಿ ಸಿಕ್ಕಿಕೊಂಡಿತ್ತು. ಕಸ ಅಂದುಕೊಂಡು ಒಂದು ಭಾನುವಾರ ಪೂರ್ತಿ ಗೋಣಿ ಸೂಜಿ ಹಿಡಿದು ಕೆದಕಿ ತೆಗೆದೆ. ಕುತ್ತಿಗೆಯ ಗೀರು ಅಸಹ್ಯ ಅನ್ನಿಸಿತು. ಪಾಲಿಶ್ ಮಾಡುವವರನ್ನು ಕರೆಸಿ ಉಪ್ಪುಕಾಗದದಲ್ಲಿ ಉಜ್ಜಿಸಿ ನುಣ್ಣಗೆ ಮಾಡಿಸಿದೆ. ಆ ಎರಡು ಗುರುತುಗಳೇ ಆ ವಸ್ತುವಿನ ಜಾತಕ ಆಗಿದ್ದವು. ನಾನೇ ದುಡ್ಡು ಕೊಟ್ಟು ಅಳಿಸಿದೆ.

ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಒಂಬತ್ತು ಮೆಟ್ಟಿಲಿನ ಬೊಂಬೆ ಕೂರಿಸುತ್ತೇವೆ. ಪಟ್ಟದ ಬೊಂಬೆಗಳ ಪಕ್ಕದಲ್ಲೇ ಇದನ್ನು ಇಟ್ಟೆ. ಮುಂದೆ ದಪ್ಪ ಅಕ್ಷರದಲ್ಲಿ ಚೀಟಿ: ‘ಅರಮನೆಯ ರಾಶಿ ಊದುಬತ್ತಿ ಕಂಬ, 1897ಕ್ಕೂ ಹಿಂದಿನದು’. ಬಂದವರೆಲ್ಲ ಫೋಟೋ ತೆಗೆದುಕೊಂಡರು. ನಾನು ಕಥೆ ಹೇಳಿದ್ದೇ ಹೇಳಿದ್ದು. ಐದನೇ ದಿನದ ಹೊತ್ತಿಗೆ ಅದರಲ್ಲಿ ನಾನೇ ಸೇರಿಸಿದ ಎರಡು ಮೂರು ವಿವರಗಳೂ ಇದ್ದವು.

ಆರನೇ ದಿನ ಮಹಡಿ ಮೇಲಿನ ಬಾಡಿಗೆಯವರ ಅಜ್ಜಿ ಬಂದರು. ಮಂಡ್ಯ ಜಿಲ್ಲೆಯ ನಾಗಮಂಗಲ ಕಡೆಯ ಹಳ್ಳಿಯವರು, ಮೊಮ್ಮಗಳ ಮನೆಗೆ ದಸರಾ ನೋಡಲು ಬಂದಿದ್ದರು. ಬೊಂಬೆಗಳನ್ನು ಒಂದೊಂದಾಗಿ ನೋಡುತ್ತಾ ಬಂದು ಅಲ್ಲಿ ನಿಂತರು.

‘ಇದೇನ್ ಮಗಾ, ಕೂರ್ಗೆ ಬಟ್ಲ ತಂದು ಬೊಂಬೆ ಪಕ್ಕ ಮಡಗಿದ್ದೀಯ?’

‘ಕೂರಿಗೆ ಅಲ್ಲ ಅಜ್ಜಿ. ಊದುಬತ್ತಿ ಸ್ಟ್ಯಾಂಡ್. ಅರಮನೆದು.’

‘ಯಾಕೆ, ಅರಮನೇಲೂ ರಾಗಿ ಬಿತ್ತತಿದ್ರಾ?’

ಮನೆ ತುಂಬ ಜನ. ನನ್ನ ಯಜಮಾನರು ಕೋಸಂಬರಿ ಹಂಚುತ್ತಿದ್ದವರು ಅಲ್ಲೇ ನಿಂತುಬಿಟ್ಟರು. ಅಜ್ಜಿ ಸುಮ್ನೆ ಬಿಡಲಿಲ್ಲ. ‘ಒಂದಿಡಿ ರಾಗಿ ತಕ್ಕಬಾ’ ಅಂದರು. ತಂದುಕೊಟ್ಟೆ. ಮುಷ್ಟಿಯನ್ನು ಬಟ್ಟಲಿನ ಮೇಲೆ ಹಿಡಿದು, ಮಣಿಕಟ್ಟು ಸುತ್ತ ತಿರುಗಿಸುತ್ತಾ ಬೆರಳ ಸಂದಿಯಿಂದ ಕಾಳು ಬಿಟ್ಟರು. ಹನ್ನೆರಡು ಕಡೆಯಿಂದಲೂ ರಾಗಿ ಸಣ್ಣ ಧಾರೆಯಾಗಿ ಸುರಿಯಿತು. ಮಕ್ಕಳು ಕೂಗಿ ಕುಣಿದವು. ಇವತ್ತಿಗೂ ಸೋಫಾ ಸರಿಸಿದರೆ ಅಲ್ಲೊಂದು ಇಲ್ಲೊಂದು ರಾಗಿ ಸಿಗುತ್ತದೆ.

ಆಮೇಲೆ ಅಜ್ಜಿ ಕೂತು ಬಿಡಿಸಿ ಹೇಳಿದರು. ಕೂರಿಗೆ ಅಂದರೆ ಬಿತ್ತನೆಯ ಸಾಧನ. ಅಡ್ಡಲಾಗಿ ಒಂದು ಮರದ ದಿಂಡು, ಅದಕ್ಕೆ ಸಾಲಾಗಿ ತಾಳುಗಳು. ಎತ್ತು ಎಳೆದಂತೆ ಆ ತಾಳುಗಳು ಮಣ್ಣಿನಲ್ಲಿ ಗೀರು ಎಳೆಯುತ್ತವೆ. ಮೇಲೆ ಈ ಬಟ್ಟಲು. ಬಟ್ಟಲಿನ ಒಂದೊಂದು ತೂತಿನಿಂದ ಒಂದೊಂದು ಬಿದಿರಿನ ಕೊಳವೆ ಒಂದೊಂದು ತಾಳಿಗೆ ಹೋಗುತ್ತದೆ. ಹಿಂದೆ ನಡೆಯುವವರು ಬಟ್ಟಲಿಗೆ ಬೀಜ ಬಿಡುತ್ತಾ ಹೋದರೆ ಹನ್ನೆರಡು ಸಾಲು ಒಟ್ಟಿಗೆ ಬಿತ್ತನೆ ಆಗುತ್ತದೆ. ನಮ್ಮ ಕಡೆ ರಾಗಿಗೆ ಹನ್ನೆರಡು ತಾಳಿನದು ಬಳಕೆಯಲ್ಲಿತ್ತು. ರಾಶಿಗೂ ಅದಕ್ಕೂ ಸಂಬಂಧ ಇಲ್ಲ. ‘ಮುಷ್ಟಿ ಬಿಗಿಯಾದ್ರೆ ಪೈರು ತೆಳು ಆಯ್ತದೆ, ಸಡ್ಲ ಬಿಟ್ರೆ ಒತ್ತಾಯ್ತದೆ. ನಮ್ಮತ್ತೆ ಬೋ ಬೈಯೋಳು’ ಅಂದರು ಅಜ್ಜಿ. ಮಂಡ್ಯ ಅಂದರೆ ಕಬ್ಬು, ಭತ್ತ, ವಿಶ್ವೇಶ್ವರಯ್ಯ ನಾಲೆ ಅಂತಷ್ಟೇ ನಮಗೆ ಗೊತ್ತು. ನಾಲೆ ನೀರು ಕಾಣದ ಬೆದ್ದಲು ಹೊಲಗಳಲ್ಲಿ ಮಳೆ ನೋಡಿಕೊಂಡು ರಾಗಿ ಬಿತ್ತುವವರ ಲೋಕವೇ ಬೇರೆ.

ನಾನು ಸೂಜಿಯಲ್ಲಿ ಕೆದಕಿದ್ದು ಬಿದಿರಿನ ಕೊಳವೆಯ ಚೂರು. ಉಜ್ಜಿಸಿದ್ದು ಹಗ್ಗ ಬಿಗಿದು ಬಿಗಿದು ಬಿದ್ದ ಗುರುತು. ‘ಹಗ್ಗದ ಕಚ್ಚು ಎಲ್ಲೋಯ್ತು ಇದ್ರದು?’ ಅಂತ ಅಜ್ಜಿ ಬೆರಳಾಡಿಸಿ ಹುಡುಕಿದಾಗ ನಾನು ಬಾಯಿ ಬಿಡಲಿಲ್ಲ.

ಹಬ್ಬ ಮುಗಿದ ಮೇಲೆ ಗೊತ್ತಿದ್ದ ಬಡಗಿಯೊಬ್ಬರಿಗೆ ತೋರಿಸಿದೆ. ಐದು ನಿಮಿಷ ಸಾಕಾಯಿತು ಅವರಿಗೆ. ತೂತಿನ ಒಳಗಿನ ಕಪ್ಪು ಅಂದರೆ ಕಾಯಿಸಿದ ಕಬ್ಬಿಣದ ಸಲಾಕೆಯಿಂದ ತೂತು ಕೊರೆದದ್ದು, ಅರಮನೆಯ ಬೆಂಕಿ ಅಲ್ಲ. ಪೀಠ ಹೊಸದು. ತಿರುಗಿಸಿ ತೋರಿಸಿದರು, ನಾಲ್ಕು ಸ್ಟಾರ್ ಸ್ಕ್ರೂ. ಆ ಥರದ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಪೀಠ ಬಿಚ್ಚಿದರೆ ಬಟ್ಟಲು ನೆಟ್ಟಗೆ ನಿಲ್ಲುವುದೇ ಇಲ್ಲ, ಉರುಳುತ್ತದೆ. ನಿಲ್ಲದ ಸ್ಟ್ಯಾಂಡ್! ಅಂಗಡಿಯವನು ಬೀಟೆ ಮರ ಅಂದಿದ್ದ. ಪೀಠದ ಅಡಿ ಪಾಲಿಶ್ ತಾಗದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಕಂದು ಬಣ್ಣ ಬಟ್ಟೆಗೆ ಬಂತು. ಗಂಧದ ವಾಸನೆಯಂತೂ ಪಾಲಿಶ್‌ಗೆ ಮುಂಚೆಯೇ, ಎರಡು ವಾರದಲ್ಲಿ ಹೋಗಿತ್ತು. ನಿಜವಾದ ಶ್ರೀಗಂಧದ ಚೇಗು, ಅಂದರೆ ಮರದ ಗಟ್ಟಿ ತಿರುಳು ಆದರೆ ಘಮ ವರ್ಷಗಟ್ಟಲೆ ಹೋಗುವುದಿಲ್ಲ. ಇದಕ್ಕೆ ಎಣ್ಣೆ ಸವರಿದ್ದರು.

ಅಂಗಡಿಗೆ ವಾಪಸ್ ಹೋದೆ. ಹೋಗುವ ಮುಂಚೆ ಸ್ವಲ್ಪ ಓದಿಕೊಂಡಿದ್ದೆ. 1972ರ ಪ್ರಾಚ್ಯವಸ್ತು ಕಾಯ್ದೆ ಅಂತ ಒಂದಿದೆ. ಕಲೆಯ, ಕುಶಲಕೆಲಸದ ಅಥವಾ ಇತಿಹಾಸದ ಮಹತ್ವ ಇರುವ, 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳ ವ್ಯಾಪಾರ ಮಾಡಬೇಕಾದರೆ ಲೈಸೆನ್ಸ್ ಬೇಕು. ಅದನ್ನೇ ಕೇಳಿದೆ. ‘1897ಕ್ಕೂ ಹಿಂದಿನದು ಅಂದ್ರಲ್ಲ, ನಿಮ್ಮ ಲೈಸೆನ್ಸ್ ತೋರಿಸ್ತೀರಾ?’

‘ಅಯ್ಯೋ ಮೇಡಂ, ಅಷ್ಟೊಂದು ಹಳೇದೇನಲ್ಲ. ನಲವತ್ತು ಐವತ್ತು ವರ್ಷ ಆಗಿರಬಹುದು.’

ಕಣ್ಣು ಮಿಟುಕಿಸುವಷ್ಟರಲ್ಲಿ ವಸ್ತುವಿನ ವಯಸ್ಸು ಅರ್ಧಕ್ಕೂ ಕೆಳಗೆ ಇಳಿಯಿತು. ಈ ಪ್ರಶ್ನೆಯನ್ನು ದಯವಿಟ್ಟು ದುಡ್ಡು ಕೊಡುವ ಮುಂಚೆ ಕೇಳಿ. ಕೊಟ್ಟ ಮೇಲೆ ಕೇಳಿದರೆ ನನ್ನ ಗತಿಯೇ. ಬಿಲ್ ತೋರಿಸಿದೆ. ಅದರಲ್ಲಿ ಬರೆದಿದ್ದದ್ದು ‘ಮರದ ಅಲಂಕಾರ ವಸ್ತು, 1’. ಅರಮನೆ ಇಲ್ಲ, ಬೀಟೆ ಇಲ್ಲ, ವರ್ಷ ಇಲ್ಲ. ‘ನಾನು ಬರೆದು ಕೊಟ್ಟಿದ್ದು ಇದನ್ನೇ ಅಲ್ವಾ ಮೇಡಂ’ ಅಂದ, ನಯವಾಗಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದಿತ್ತು. ಗ್ರಾಹಕ ಆಯೋಗಕ್ಕೂ ಹೋಗಬಹುದಿತ್ತು, 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಆದರೆ ಅವನು ಬಾಯಲ್ಲಿ ಹೇಳಿದ ಕಥೆಗೆ ನನ್ನ ಹತ್ತಿರ ಯಾವ ಪುರಾವೆ ಇತ್ತು? ಏನು ಹೇಳಿ ಮಾರುತ್ತಾರೋ ಅದನ್ನೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಯಾವ ಮರ, ಎಷ್ಟು ವರ್ಷ, ಎಲ್ಲಿಂದ ಬಂತು, ಎಲ್ಲ. ಬರೆಯಲು ಪೆನ್ ಎತ್ತಲಿಲ್ಲ ಅಂದರೆ ಎದ್ದು ಬನ್ನಿ.

ಗುರುತು ಸಿಗದ ಮರದ ಸಾಮಾನು ಈಗಾಗಲೇ ನಿಮ್ಮ ಮನೆಯಲ್ಲಿ ಇದ್ದರೆ, ಉಜ್ಜಬೇಡಿ, ತೊಳೆಯಬೇಡಿ, ಪಾಲಿಶ್ ಮಾಡಿಸಬೇಡಿ. ಕೊಳೆ ಅಂತ ಕಾಣುವುದನ್ನೂ ಮೊದಲು ಫೋಟೋ ತೆಗೆದಿಡಿ. ಕೈ ಎಲ್ಲಿ ಹಿಡಿದು ನುಣುಪಾಗಿದೆ, ಹಗ್ಗ ಎಲ್ಲಿ ಕಚ್ಚಿದೆ, ಎಣ್ಣೆ ಎಲ್ಲಿ ಹೀರಿದೆ, ನೋಡಿ. ಆಮೇಲೆ ಊರಿನಲ್ಲಿ ಹೊಲ ಗೇಯ್ದ ಅಜ್ಜ ಅಜ್ಜಿಯರಿಗೆ ತೋರಿಸಿ. ಅವರು ಸಿಗದಿದ್ದರೆ ರಾಮನಗರದ ಹತ್ತಿರ ಜಾನಪದ ಲೋಕ ಅನ್ನುವ ವಸ್ತುಸಂಗ್ರಹಾಲಯ ಇದೆ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರೂ ನಾಗಮಂಗಲ ತಾಲ್ಲೂಕಿನವರೇ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯವೂ ಇದೆ, ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗಿ. ಕೂರಿಗೆ ಏನೂ ಗುಟ್ಟಿನ ವಸ್ತು ಅಲ್ಲ. 1800ರಲ್ಲಿ, ಅಂದರೆ ಟಿಪ್ಪು ಸತ್ತ ಮರುವರ್ಷ, ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ಇಂಗ್ಲಿಷರ ಕಡೆಯ ವೈದ್ಯ ಅದರ ಬಗ್ಗೆ ಬರೆದಿಟ್ಟಿದ್ದಾನೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲ.

ಇದರ ನಿಜವಾದ ಬೆಲೆ ಕೇಳಿ ಬೇಜಾರು ಮಾಡಿಕೊಳ್ಳಬೇಡಿ. ಅಜ್ಜಿಯ ಮಗ ಅವರ ಮನೆಯ ಕೂರಿಗೆಯನ್ನು ಇಡಿಯಾಗಿ, ದಿಂಡು ತಾಳು ಬಟ್ಟಲು ಸಮೇತ, ಗುಜರಿಯವನಿಗೆ ಕೊಟ್ಟಿದ್ದು 350 ರೂಪಾಯಿಗೆ. ‘ಬಿತ್ತನೆ ಮುಂಚೆ ಅದಕ್ಕೆ ಪೂಜೆ ಮಾಡ್ತಿದ್ದೋ. ಕೊಟ್ಟ ದಿನ ನಂಗೆ ಊಟ ಸೇರ್ನಿಲ್ಲ’ ಅಂದರು ಅಜ್ಜಿ. ಹೋಗುವಾಗ ನಮ್ಮ ಬಟ್ಟಲಿಗೂ ಒಂದು ಚಿಟಿಕೆ ಅರಿಶಿನ ಕುಂಕುಮ ಹಚ್ಚಿ ಹೋದರು. ನಾನು ಚೀಟಿ ಹರಿದು ಹಾಕಿದೆ.

ಹೋದ ವಾರ ಅದೇ ಬೀದಿಯಲ್ಲಿ ಹೋಗುತ್ತಿದ್ದೆ. ಅಂಗಡಿಯ ಗಾಜಿನ ಹಿಂದೆ ಇನ್ನೊಂದು ಬಟ್ಟಲು ಇಟ್ಟಿದ್ದಾನೆ. ಬಣ್ಣ ಹೊಸದು, ಪೀಠ ಹೊಸದು. ಇದಕ್ಕೆ ಆರೇ ತೂತು. ಆರು ಋತು ಅಂತ ಹೇಳುತ್ತಿದ್ದಾನೋ, ಷಣ್ಮುಖನ ಆರು ಮುಖ ಅಂತಲೋ, ಕೇಳಲು ಒಳಗೆ ಹೋಗಲಿಲ್ಲ.