ಫ್ಯಾಮಿಲಿ ಲಿಂಕ್: ಎರಡು ವರ್ಷ ಬಳಸಿದ ತಾಯಿಯೊಬ್ಬಳ ಅನುಭವ

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ, ಮಕ್ಕಳ ಫೋನ್ ಬಳಕೆಯ ಮೇಲೆ ಪಾಲಕರು ನಿಗಾ ಇಡಲೆಂದು ಇರುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಬಳಕೆಗೆ ಬಂದು ಎರಡು ವರ್ಷಗಳಾದವು. ಮಗಳಿಗೆ 11 ತುಂಬಿ, ಬೇರೆ ಸೆಕ್ಟರಿನ ಟ್ಯೂಷನ್‌ಗೆ ಒಬ್ಬಳೇ ಸೈಕಲ್ ಮೇಲೆ ಹೋಗಿಬರತೊಡಗಿದಾಗ ನನ್ನ ಹಳೆಯ ಆಂಡ್ರಾಯ್ಡ್ ಫೋನನ್ನು ಅವಳ ಕೈಗೆ ಕೊಟ್ಟೆವು. ಈಗ ಅವಳಿಗೆ 13.

ಮೊದಲು ನಾನು ಹಾಕಿಕೊಂಡದ್ದು ಈ ಆ್ಯಪ್ ಅಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಪರಿಚಯದವರೊಬ್ಬರ ಮಾತು ಕೇಳಿ ತಂದ ಬೇರೊಂದು ಆ್ಯಪ್, ಮಗಳ ಫೋನಿನಲ್ಲಿ ಗುರುತೇ ಕಾಣದಂತೆ ಅಡಗಿ ಕುಳಿತು, ಅವಳಿಗೆ ಬಂದ ಮತ್ತು ಅವಳು ಕಳಿಸಿದ ಮೆಸೇಜುಗಳನ್ನೆಲ್ಲ ನನಗೆ ತಲುಪಿಸುತ್ತಿತ್ತು. ಅದು ಪ್ಲೇ ಸ್ಟೋರ್‌ನಲ್ಲಿ ಸಿಗುವಂಥದ್ದಲ್ಲ. ಹೊರಗಿನಿಂದ ಇಳಿಸಿಕೊಂಡು, ಫೋನಿನ ರಕ್ಷಣೆಗೆಂದೇ ಇರುವ ಪ್ಲೇ ಪ್ರೊಟೆಕ್ಟ್ ಅನ್ನು ಬಂದ್ ಮಾಡಿ ಹಾಕಬೇಕಿತ್ತು. ಮಗುವನ್ನು ಕಾಯಲೆಂದು ಕರೆತಂದವನು ಮೊದಲು ಮನೆಯ ಕೀಲಿಯನ್ನೇ ಕೀಳಿಸಿದ್ದಾನೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಒಂಬತ್ತನೆಯ ದಿನ ಮಗಳ ಗೆಳತಿಯೊಬ್ಬಳು ತನ್ನ ಅಪ್ಪ ಅವ್ವ ರಾತ್ರಿಯಿಡೀ ಜಗಳವಾಡಿದ್ದನ್ನು ಅವಳಿಗೆ ಬರೆದಿದ್ದಳು. ಅದನ್ನು ನಾನು ಓದಿದೆ. ಮರುದಿನ ಶಾಲೆಯ ಗೇಟಿನ ಮುಂದೆ ಆ ಹುಡುಗಿಯ ತಾಯಿ ನಗುತ್ತ ‘ಊಟ ಆತೇನ್ರಿ?’ ಎಂದು ಕೇಳಿದಾಗ ಮುಖವೆತ್ತಿ ಉತ್ತರಿಸಲು ನನ್ನಿಂದಾಗಲಿಲ್ಲ. ಅತ್ತ ಮಗಳು ಎರಡು ದಿನ ಮಂಕಾಗಿದ್ದರೂ ‘ಏನಾಗಿದೆ’ ಎಂದು ಕೇಳುವಂತಿರಲಿಲ್ಲ, ಏಕೆಂದರೆ ನನಗೆ ಗೊತ್ತಿರುವುದು ಅವಳಿಗೆ ಗೊತ್ತಾಗಬಾರದಾಗಿತ್ತು. ಅಂದೇ ಆ ಆ್ಯಪ್ ತೆಗೆದು, ನಡೆದುದನ್ನು ಮಗಳಿಗೆ ಹೇಳಿದೆ. ಅವಳು ಒಂದು ವಾರ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.

ಫ್ಯಾಮಿಲಿ ಲಿಂಕ್ ಹಾಕುವಾಗ ಅವಳನ್ನು ಪಕ್ಕದಲ್ಲೇ ಕೂಡಿಸಿಕೊಂಡೆ. ಇದಕ್ಕೆ ಹಣ ಕೊಡಬೇಕಿಲ್ಲ; ಆದರೆ ಮಗುವಿನ ಹುಟ್ಟಿದ ವರ್ಷವನ್ನು ಸರಿಯಾಗಿ ಕೊಟ್ಟು, ಪಾಲಕರೇ ಅದರ ಗೂಗಲ್ ಖಾತೆ ತೆರೆಯಬೇಕು. ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು ಎಂಬುದು ನನಗೆ ಕಾಣುತ್ತದೆ, ಹೊಸ ಆ್ಯಪ್ ಬೇಕೆಂದರೆ ಕೋರಿಕೆ ನನ್ನ ಫೋನಿಗೆ ಬರುತ್ತದೆ, ದಿನದ ಮಿತಿಯನ್ನೂ ರಾತ್ರಿ ಫೋನು ಮುಚ್ಚುವ ವೇಳೆಯನ್ನೂ ನಾನು ಗೊತ್ತುಮಾಡಬಹುದು. ಫೋನು ಮುಚ್ಚಿದ ಮೇಲೂ ಬಂದ ಕರೆಯನ್ನು ಎತ್ತಬಹುದು, ತುರ್ತು ಕರೆ ಮಾಡಬಹುದು. ಮೆಸೇಜಿನಲ್ಲಿ ಏನಿದೆ, ಕರೆಯಲ್ಲಿ ಏನು ಮಾತಾಡಿದಳು ಎಂಬುದನ್ನು ಮಾತ್ರ ಅದು ತೋರಿಸುವುದಿಲ್ಲ. ಕೆಲವು ಪಾಲಕರು ಇದನ್ನೇ ಕೊರತೆ ಎನ್ನುತ್ತಾರೆ. ಒಂಬತ್ತು ದಿನ ಎಲ್ಲವನ್ನೂ ಓದಿದ ನಾನು ಇದೇ ಕಾರಣಕ್ಕೆ ಎರಡು ವರ್ಷ ಇದನ್ನು ಬಿಡಲಿಲ್ಲ. ಪಾಲಕರಿಗೆ ಏನೇನು ಕಾಣುತ್ತದೆ ಎಂಬುದನ್ನು ಮಗುವಿನ ಫೋನಿನಲ್ಲಿಯೂ ನೋಡಬಹುದು. ‘ನಾ ಏನ್ ನೋಡ್ತೀನಿ ನಿನಗ ಕಾಣತೈತಿ, ನಿನಗೇನ್ ಕಾಣತೈತಿ ನನಗೂ ಕಾಣಬೇಕಲ್ಲವ್ವಾ?’ ಎಂದು ಮಗಳು ಕೇಳಿದಾಗ, ಆ ಪುಟವನ್ನು ತೆರೆದು ತೋರಿಸಿದೆ. ಅವಳು ಸಾಲುಸಾಲಾಗಿ ಓದಿದ ಮೇಲೆಯೇ ಫೋನು ತೆಗೆದುಕೊಂಡಳು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ ಮತ್ತು ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದು ಕಂಪನಿಗಳಿಗೆ ಹಾಕಿದ ಕಟ್ಟಳೆ, ತಾಯಂದಿರಿಗಲ್ಲ ಎಂಬುದು ನಿಜ. ಆದರೂ ಆ ಮೊದಲ ಆ್ಯಪ್ ನನ್ನ ಮಗಳ ಮೆಸೇಜುಗಳನ್ನು ಯಾವ ಊರಿನ ಯಾವ ಸರ್ವರಿಗೆ ಕಳಿಸುತ್ತಿತ್ತೋ ಎಂದು ಈಗಲೂ ನೆನೆದು ಕಸಿವಿಸಿಯಾಗುತ್ತದೆ.

ಸ್ಥಳ ತೋರಿಸುವ ಸೌಲಭ್ಯವನ್ನು ನಾವು ಬಹುಪಾಲು ಬಂದ್ ಇಟ್ಟಿದ್ದೇವೆ. ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ಅವಳು ಸೋದರಮಾವನ ಮನೆಯವರ ಜೊತೆ ಹೋದ ದಿನ ಇಬ್ಬರೂ ಒಪ್ಪಿ ಚಾಲೂ ಮಾಡಿದ್ದೆವು. ಮಧ್ಯಾಹ್ನದಿಂದ ಗುರುತು ಬಾದಾಮಿಯಲ್ಲೇ ನಿಂತಿತ್ತು. ನಾನು ಗಾಬರಿಯಾಗಿ ತಮ್ಮನಿಗೆ ನಾಲ್ಕು ಸಲ ಫೋನು ಮಾಡಿದೆ. ಚಾರ್ಜ್ ಉಳಿಸಲೆಂದು ಅವಳು ಡೇಟಾ ಬಂದ್ ಮಾಡಿದ್ದಳು, ಅಷ್ಟೆ. ಫೋನಿಗೆ ನೆಟ್ ಇಲ್ಲದಿದ್ದರೆ ಹೊಸ ಸ್ಥಳ ತೋರುವುದಿಲ್ಲ ಎಂಬುದನ್ನು ಬಳಸುವವರು ಮೊದಲೇ ತಿಳಿದಿರಬೇಕು.

ದಿನದ ಮಿತಿ ಒಂದು ಗಂಟೆ ಎಂದಿಟ್ಟ ಮೊದಲ ಬೇಸಿಗೆಯಲ್ಲಿ, ಬಳಕೆ ಬರೀ 20 ನಿಮಿಷ ಎಂದು ಕಾಣಿಸಿದಾಗ ನಾನು ಹಿಗ್ಗಿದ್ದೆ. ಅವಳು ಆಗ ಗುಳೇದಗುಡ್ಡದಲ್ಲಿ ನನ್ನ ಅವ್ವನ ಮನೆಯಲ್ಲಿದ್ದಳು. ಉಳಿದ ಯೂಟ್ಯೂಬ್ ಎಲ್ಲ ಅಜ್ಜಿಯ ಫೋನಿನಲ್ಲಿ ನಡೆದಿತ್ತು. ಮಗುವಿನ ಖಾತೆ ಇಲ್ಲದ ಫೋನಿನಲ್ಲಿ ಈ ಆ್ಯಪ್‌ನ ಆಟ ನಡೆಯುವುದಿಲ್ಲ. ಮನೆಮಂದಿಗೆಲ್ಲ ಒಂದೇ ಫೋನು ಇರುವವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮಗುವಿನ ಬಳಿ ಐಫೋನ್ ಇದ್ದರೂ ಸೌಲಭ್ಯಗಳು ತೀರ ಕಡಿಮೆ.

ವಾಟ್ಸ್ಆ್ಯಪ್‌ಗೆ ಕನಿಷ್ಠ ವಯಸ್ಸು 13 ಆದ್ದರಿಂದ ಶಾಲೆಯ ಗುಂಪು ಇಷ್ಟು ದಿನ ನನ್ನ ಫೋನಿನಲ್ಲೇ ಇತ್ತು. ಕಳೆದ ತಿಂಗಳು ಅವಳ ಹುಟ್ಟುಹಬ್ಬದ ಮರುದಿನ ಅದನ್ನು ಅವಳ ಫೋನಿಗೆ ಹಾಕಿಕೊಟ್ಟು, ದಿನದ ಮಿತಿಯನ್ನು ತೆಗೆದೆವು. ಹೊಸ ಆ್ಯಪ್‌ಗೆ ಒಪ್ಪಿಗೆ ಕೇಳುವುದು ಉಳಿದಿದೆ. ರಾತ್ರಿ ಒಂಬತ್ತೂವರೆಗೆ ಫೋನು ಮುಚ್ಚುವುದೂ ಉಳಿದಿದೆ. ಆದರೆ ಅವಳ ಷರತ್ತಿನಂತೆ ನನ್ನ ಫೋನೂ ಆ ಹೊತ್ತಿಗೆ ಅಡುಗೆಮನೆಯ ಶೆಲ್ಫ್ ಸೇರುತ್ತದೆ.

ಈ ಬೇಸಿಗೆಯಲ್ಲಿ ಗುಳೇದಗುಡ್ಡಕ್ಕೆ ಹೋದಾಗ, ಅವ್ವನ ಫೋನಿಗೂ ಒಂದು ಪಾಸ್‌ವರ್ಡ್ ಹಾಕಿಡಲೇ ಎಂದು ಕೇಳಿದೆ. ‘ನನ್ನ ಫೋನಿಗೆ ಕೀಲಿ ಹಾಕಾಕ ನೀ ಯಾರವ್ವಾ?’ ಎಂದಳು ಅವ್ವ. ಮೊಮ್ಮಗಳು ಬಾಗಿಲ ಹಿಂದೆ ನಿಂತು ಕಿಸಕ್ಕನೆ ನಕ್ಕಳು.