ವಿಯೆಟ್ನಾಂನಲ್ಲಿ ನೋವಿಗೆ ಎರಡು ದಾರಿ: ಅಂಗಡಿಯ ಮಾತ್ರೆ, ಆಸ್ಪತ್ರೆಯ ಸೂಜಿ

ವಿಯೆಟ್ನಾಂನ ವಯಸ್ಕರಲ್ಲಿ ತಲೆನೋವು, ಸೊಂಟನೋವು ಮತ್ತು ಮಂಡಿನೋವು ಸಾಮಾನ್ಯ. ವಯಸ್ಸು ಏರಿದಂತೆ, ಅದರಲ್ಲೂ ಮಹಿಳೆಯರಲ್ಲಿ, ಕೀಲುನೋವು ಹೆಚ್ಚುತ್ತದೆ. ಅಲ್ಲಿ ನೆಲೆಸಿದವರಿಗೆ ಮೊದಲು ಎದುರಾಗುವುದು ಬೀದಿಯ ಔಷಧದಂಗಡಿ. ಪ್ಯಾರಸಿಟಮಾಲ್ ಅಗ್ಗವಾಗಿ ಸಿಗುತ್ತದೆಯಾದರೂ, ದಿನಕ್ಕೆ 4 ಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯವಿದೆ. ನೆಗಡಿಯ ಅನೇಕ ಮಾತ್ರೆಗಳಲ್ಲಿಯೂ ಅದೇ ಔಷಧ ಇರುವುದರಿಂದ ಲೆಕ್ಕ ತಪ್ಪುವುದು ಸುಲಭ. ಡೈಕ್ಲೋಫೆನಾಕ್‌ನಂತಹ ಉರಿಯೂತ ನಿವಾರಕಗಳು ಕೀಲುನೋವನ್ನು ಹೆಚ್ಚು ಚೆನ್ನಾಗಿ ತಗ್ಗಿಸುತ್ತವೆ, ಆದರೆ ಜಠರದ ಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ಅವನ್ನು ಖಂಡಿತ ನುಂಗಬಾರದು.

ಎರಡನೆಯದು ಸಾಂಪ್ರದಾಯಿಕ ವೈದ್ಯಪದ್ಧತಿ. ಇದು ಅಲ್ಲಿ ಸರ್ಕಾರಿ ವ್ಯವಸ್ಥೆಯದೇ ಭಾಗ: ಹನೋಯ್‌ನಲ್ಲಿ ರಾಷ್ಟ್ರೀಯ ಅಕ್ಯುಪಂಕ್ಚರ್ (ತೆಳು ಸೂಜಿಗಳನ್ನು ಚುಚ್ಚುವ ಚಿಕಿತ್ಸೆ) ಆಸ್ಪತ್ರೆಯಿದೆ, ಸಾಮಾಜಿಕ ಆರೋಗ್ಯ ವಿಮೆಯೂ ಈ ಚಿಕಿತ್ಸೆಗೆ ಅನ್ವಯಿಸುತ್ತದೆ. ಮೂರು ತಿಂಗಳು ದಾಟಿದ ಸೊಂಟನೋವಿಗೆ, ಹಲವು ಬಾರಿ ಹೋಗುವ ಬಿಡುವಿದ್ದರೆ, ವ್ಯಾಯಾಮದೊಂದಿಗೆ ಇದನ್ನು ಆರಿಸುವುದೇ ಸೂಕ್ತವೆಂದು ನನ್ನ ಅಭಿಪ್ರಾಯ. ಮನೆಯಲ್ಲಿ ತೈಲ ಸವರಿ ನಾಣ್ಯದಿಂದ ಬೆನ್ನು ಉಜ್ಜುವ ಕ್ರಮ ಕ್ಷಣಕಾಲ ಹಿತ ನೀಡಬಹುದು. ರಕ್ತ ತೆಳುಗೊಳಿಸುವ ಔಷಧ ಸೇವಿಸುವವರಿಗೆ ಅದು ಸಲ್ಲದು. ಘಟಕಗಳ ವಿವರವಿಲ್ಲದ ಗಿಡಮೂಲಿಕೆ ಮಾತ್ರೆಗಳನ್ನಂತೂ, ಅವುಗಳಲ್ಲಿ ಸ್ಟೆರಾಯ್ಡ್ ಬೆರೆತಿರುವ ಸಾಧ್ಯತೆ ಇರುವುದರಿಂದ, ಯಾರೂ ಕೊಳ್ಳಬಾರದು. ಕಾಲು ಮರಗಟ್ಟಿದರೆ ಅಥವಾ ನೋವಿನೊಂದಿಗೆ ಜ್ವರ ಬಂದರೆ ಈ ಎರಡೂ ದಾರಿಗಳನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.